ಚಹಾದ ಅಂಗಡಿಯಲ್ಲಿ ಎರಡು ಥರದ ಗ್ಲಾಸು: ನಿಮ್ಮೂರಲ್ಲಿ ಏನು ಮಾಡಿದಿರಿ?

ಕೇಳಿದವರು, ಶಿಗ್ಗಾವಿ ತಾಲೂಕಿನಿಂದ

ನಮ್ಮೂರ ಚಹಾದ ಅಂಗಡಿಯಲ್ಲಿ ನಮಗೆಲ್ಲ ಗಾಜಿನ ಗ್ಲಾಸು. ದಲಿತರ ಕೇರಿಯಿಂದ ಬಂದವರಿಗೆ ಪ್ಲಾಸ್ಟಿಕ್ ಕಪ್ಪು. ಕೇಳಿದರೆ ಅಂಗಡಿಯವರು "ಅವರೇ ಹಂಗ ಕೇಳ್ತಾರೋ ತಮ್ಮಾ" ಅನ್ನುತ್ತಾರೆ. ನಮ್ಮದು ಹೊಲ ಇರುವ ಮನೆತನ. ಗೆಳೆಯರೆಲ್ಲ ಸೇರಿ ಒಂದು ಸಹಪಂಕ್ತಿ ಊಟ ಇಡಬೇಕು ಅಂತಿದ್ದೇವೆ. ಇಂಥದ್ದು ಮಾಡಿದವರು ಇದ್ದರೆ, ಯಾವುದು ಕೆಲಸಕ್ಕೆ ಬಂತು ಅಂತ ಹೇಳಿ.

ನಿವೃತ್ತ ಶಿಕ್ಷಕ, ರೋಣ ತಾಲೂಕಿನಿಂದ

ಊಟ ಇಡಪ್ಪಾ, ಬೇಡ ಅನ್ನುವುದಿಲ್ಲ. ಆದರೆ ಅದರ ಮೇಲೆ ಜಾಸ್ತಿ ಭರವಸೆ ಇಡಬೇಡ. ನಾವೂ ಒಮ್ಮೆ ಅಂಬೇಡ್ಕರ್ ಜಯಂತಿಗೆ ಇಟ್ಟಿದ್ದೆವು. ಶಾಮಿಯಾನ, ಭಾಷಣ, ಗೋಧಿ ಹುಗ್ಗಿ, ಎಲ್ಲ ಚೆಂದ ಆಯಿತು. ಮರುದಿನ ನಮ್ಮ ಜೊತೆ ಪಂಕ್ತಿಯಲ್ಲಿ ಕೂತಿದ್ದವರ ಮನೆ ಮುಂದೆ ಕೇರಿಯ ಹುಡುಗ ನೀರು ಕೇಳಿದ. ಚರಿಗೆ ಎತ್ತಿ ಮೇಲಿಂದ ಸುರಿದರು. ಅವನು ಬೊಗಸೆಯೊಡ್ಡಿ ಕುಡಿದ. ನಾನು ಎದುರಿನ ಕಟ್ಟೆಯ ಮೇಲೆ ಕೂತಿದ್ದೆ. ಬಾಯಿ ಬಿಡಲಿಲ್ಲ. ಅದು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ನಿಜವಾಗಿ ಕೆಲಸಕ್ಕೆ ಬಂದದ್ದು ಶಾಲೆಯ ಬಿಸಿಯೂಟ. ಮಾದಿಗರ ಹೆಣ್ಣುಮಗಳೊಬ್ಬಳು ಅಡುಗೆ ಕೆಲಸಕ್ಕೆ ಬಂದಳು. ಮಾರನೇ ದಿನದಿಂದ ಅರ್ಧಕ್ಕರ್ಧ ಮಕ್ಕಳು ಮನೆಯಿಂದ ರೊಟ್ಟಿ ಕಟ್ಟಿಕೊಂಡು ಬಂದರು. ಊರಿನ ಹಿರಿಯರು ಒಂದು ದಾರಿ ಹೇಳಿದರು: ಆಕೆ ಪಾತ್ರೆ ತೊಳೆಯಲಿ, ಕಾಳು ಹಸನು ಮಾಡಲಿ, ಒಲೆ ಮಾತ್ರ ಬೇರೆಯವರು ಹಚ್ಚಲಿ. ಕೇಳಲು ಎಷ್ಟು ಸುಲಭ ಅಲ್ವಾ? ಒಪ್ಪಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ನಾವು ಒಪ್ಪಲಿಲ್ಲ. ನನ್ನ ಮಗಳು ಅದೇ ಶಾಲೆಯಲ್ಲಿ ಓದುತ್ತಿದ್ದಳು. ದಿನಾ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲ ಪಂಕ್ತಿಯಲ್ಲೇ ಉಂಡೆ. ಸಂಜೆ ಮನೆಮನೆಗೆ ಹೋದೆ. ಒಬ್ಬ ಅಜ್ಜಿ ಬಾಗಿಲಲ್ಲೇ ನಿಂತು ಬೈದಳು. ನಾನು ಕೇಳಿದೆ: "ಅಲ್ಲ ಯವ್ವಾ, ಶಿವರಾತ್ರಿ ಜಾತ್ರಿಗೆ ಹುಬ್ಬಳ್ಳಿಗೆ ಹೋಗಿ ಸಿದ್ಧಾರೂಢರ ಮಠದಾಗ ಪ್ರಸಾದಕ್ಕ ಕೂಡ್ತೀಯಲ್ಲ, ಬಾಜೂಕ ಕುಂತವರ ಜಾತಿ ಕೇಳೀಯೇನು? ಅಡಗಿ ಮಾಡಿದವರ ಜಾತಿ?" ಅಜ್ಜಿ ಸುಮ್ಮನಾದಳು. ಮೊಮ್ಮಗ ಆ ವಾರವೇ ತಾಟು ಹಿಡಿದು ಸಾಲಿನಲ್ಲಿ ನಿಂತ. ಎಲ್ಲರೂ ಕೂರುವ ಹೊತ್ತಿಗೆ ಮಳೆಗಾಲ ಮುಗಿದಿತ್ತು.

ಶಿಶುನಾಳ ನಿಮ್ಮ ತಾಲೂಕಿನಲ್ಲೇ ಇದೆ. ಗೋವಿಂದ ಭಟ್ಟರು ಮುಸಲ್ಮಾನರ ಹುಡುಗ ಷರೀಫನನ್ನು ಶಿಷ್ಯನಾಗಿ ಹತ್ತಿರ ಮಾಡಿಕೊಂಡ ಕಥೆ ನಿಮ್ಮೂರ ಹಿರಿಯರಿಗೆಲ್ಲ ಗೊತ್ತಿರುತ್ತದೆ. ಅಲ್ಲಿಂದ ಮಾತು ಶುರು ಮಾಡು. ಬೈದರೆ ಯಾರೂ ಬದಲಾಗುವುದಿಲ್ಲ.

ನರ್ಸ್, ಹುಬ್ಬಳ್ಳಿಯಿಂದ

ನಾನು ಹಾವೇರಿ ಕಡೆಯ ಒಂದು ಕೇರಿಯಲ್ಲಿ ಬೆಳೆದವಳು. ಮೇಷ್ಟ್ರು ಹೇಳಿದ್ದು ಸರಿ, ಆದರೆ ಒಂದು ಮಾತು ಸೇರಿಸುತ್ತೇನೆ. ದಯವಿಟ್ಟು ನಮ್ಮವರನ್ನು ಮುಂದೆ ತಳ್ಳಬೇಡಿ. "ನೀವ ಗಾಜಿನ ಗ್ಲಾಸ್ ಕೇಳ್ರಿ, ನಾವು ಹಿಂದ ಇದ್ದೀವಿ" ಅನ್ನುವವರನ್ನು ಬಹಳ ನೋಡಿದ್ದೇನೆ. ನನ್ನ ಅಪ್ಪ ಕೇಳಲಿಲ್ಲ. ಧೈರ್ಯ ಇರಲಿಲ್ಲ ಅಂತಲ್ಲ. ಮೆಣಸಿನಕಾಯಿ ಬಿಡಿಸಲು ಕೂಲಿಗೆ ಕರೆಯುವವರು ಅದೇ ಅಂಗಡಿಯ ಬೆಂಚಿನ ಮೇಲೆ ಕೂತಿರುತ್ತಿದ್ದರು. ಗ್ಲಾಸು ಕೇಳಿದರೆ ಆ ವಾರ ಕೂಲಿ ಇಲ್ಲ. ನೀವು ಕೇಳಿದರೆ ನಿಮಗೆ ಏನು ಹೋಗುತ್ತದೆ? ಸ್ವಲ್ಪ ಬೈಗುಳ, ಅಷ್ಟೇ. ಹಾಗಾಗಿ ನೀವೇ ಕೇಳಬೇಕು.

ಇನ್ನೊಂದು. ಅಂಗಡಿ ಸರಿಹೋದರೂ ಮನೆ ಬಾಕಿ ಇರುತ್ತದೆ. ಇಲ್ಲಿ ನಾನು ಬಾಡಿಗೆ ಮನೆ ಹುಡುಕುವಾಗ ಮೊದಲು ಕೇಳಿದ್ದು ಸಂಬಳ ಅಲ್ಲ, "ಅಡ್ಡಹೆಸರು ಏನ್ರಿ?" ಅಂತ. ಹೇಳಿದ ಮೇಲೆ ಮನೆ "ನಿನ್ನೆನೇ ಹೋತು". ಹೀಗೆ ನಾಲ್ಕು ಮನೆ. ಊಟ ಇಡುವುದಾದರೆ ಶಾಮಿಯಾನದ ಕೆಳಗೆ ಬೇಡ, ನಿಮ್ಮ ಮನೆಯೊಳಗೆ ಇಡಿ.

ವಕೀಲ, ಹಾವೇರಿಯಿಂದ

ಚಿಕ್ಕದಾಗಿ ಹೇಳುತ್ತೇನೆ. ಅಸ್ಪೃಶ್ಯತೆ ಸಂವಿಧಾನದ 17ನೇ ವಿಧಿಯಲ್ಲೇ ರದ್ದಾಗಿದೆ. ಹೋಟೆಲಿನಲ್ಲಿ ಎಲ್ಲರಿಗೂ ಇಟ್ಟ ಗ್ಲಾಸು, ತಾಟನ್ನು ಈ ಕಾರಣಕ್ಕೆ ಕೆಲವರಿಗೆ ಕೊಡದಿರುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಕೇಳಿದ್ದಕ್ಕೆ ದಲಿತರಿಗೆ ಕೂಲಿ, ಕಿರಾಣಿ ನಿಲ್ಲಿಸಿದರೆ ಅದು ಬಹಿಷ್ಕಾರ. 1989ರ ದೌರ್ಜನ್ಯ ತಡೆ ಕಾಯ್ದೆಯ ತಿದ್ದುಪಡಿ 2016ರಲ್ಲಿ ಜಾರಿಗೆ ಬಂದ ಮೇಲೆ ಆ ಕಾಯ್ದೆಯಲ್ಲೂ ಅದು ಅಪರಾಧ. ಸಹಾಯವಾಣಿ 14566. ಮೊದಲು ಮಾತಾಡಿ, ಆದರೆ ಈ ನಂಬರ್ ಕೇರಿಯ ಪ್ರತಿ ಮನೆಯಲ್ಲೂ ಇರಲಿ.

ಕೇಳಿದವರು, ಒಂದು ವಾರದ ನಂತರ

ಸಹಪಂಕ್ತಿ ಊಟ ಸದ್ಯ ಬಿಟ್ಟಿದ್ದೇವೆ. ನಿನ್ನೆ ಐದು ಮಂದಿ ಅಂಗಡಿಗೆ ಹೋಗಿ, "ಕಾಕಾ, ಎಲ್ಲಾರಿಗೂ ಒಂದ ನಮೂನಿ ಗ್ಲಾಸ್ ಕೊಡ್ರಿ, ಇಲ್ಲಾಂದ್ರ ನಮಗೂ ಪ್ಲಾಸ್ಟಿಕ್ ಕಪ್ಪಿನ್ಯಾಗ ಕೊಡ್ರಿ" ಅಂದೆವು. ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ನಮಗೆ ಪ್ಲಾಸ್ಟಿಕ್ ಕಪ್ಪೇ ಬಂತು. ಅದರಲ್ಲೇ ಕುಡಿದೆವು. ನಾಳೆಯೂ ಹೋಗುತ್ತೇವೆ. ಭಾನುವಾರ ಕೇರಿಯ ನನ್ನ ಗೆಳೆಯನನ್ನು ಮನೆಗೆ ಊಟಕ್ಕೆ ಕರೆದಿದ್ದೇನೆ. ಅವ್ವ ಇನ್ನೂ ಹೂಂ ಅಂದಿಲ್ಲ, ಆದರೆ ಅವನಿಗೆ ಎಣ್ಣೆಗಾಯಿ ಸೇರುತ್ತದಾ ಅಂತ ಕೇಳಿದಳು.