ಮೊದಲ ಸಲ ಮರದ ಬಾಣ ಮಾಡುವವರಿಗೆ ನಮ್ಮ ಅನುಭವ

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಓರೆಗಾನ್‌ನಲ್ಲಿ. ಹೋದ ವರ್ಷದಿಂದ ಬಿಲ್ಲು ಹಿಡಿಯಲು ಕಲಿಯುತ್ತಿದ್ದೇನೆ. ನನ್ನದು ಲಾಂಗ್‌ಬೋ, 28 ಇಂಚು ಎಳೆಯಲು 40 ಪೌಂಡ್ ಬಲ ಬೇಕು. ಇನ್ನು ಮುಂದೆ ಬಾಣ ನಾನೇ ಮಾಡಿ, ಬಣ್ಣದ ಪಟ್ಟಿ ಹಾಕಬೇಕು ಅಂತ ಆಸೆ. ಮರಗೆಲಸ ಅಷ್ಟಾಗಿ ಗೊತ್ತಿಲ್ಲ. ಹಾರ್ಡ್‌ವೇರ್ ಅಂಗಡಿಯ ದುಂಡು ಕಡ್ಡಿ ಸಾಕಾ? ಗರಿ ಯಾವ ಹಕ್ಕಿಯದು? ಮಾಡಿದವರು ದಯವಿಟ್ಟು ಹೇಳಿ.

ಉತ್ತರ 1: ಬಣ್ಣ ಆಮೇಲೆ ನೋಡೋಣ ಸರ್. ಮೊದಲ ಡಜನ್ ಬಾಣಕ್ಕೆ ದುಡ್ಡು, ಗಮನ ಎರಡೂ ಕಡ್ಡಿಯ ಮೇಲೇ ಇರಲಿ.

ಹಾರ್ಡ್‌ವೇರ್ ಅಂಗಡಿಯ ಕಡ್ಡಿ ಬೇಡ. ಅದನ್ನು ಮರದ ಎಳೆ ನೋಡಿ ಕೊಯ್ದಿರುವುದಿಲ್ಲ. ಎಳೆ ಓರೆಯಾಗಿ ಹೋಗಿ ಪಕ್ಕದಲ್ಲಿ ಹೊರಗೆ ಬಂದಿದ್ದರೆ ಕಡ್ಡಿ ಅಲ್ಲೇ ಮುರಿಯುತ್ತದೆ. ಅದು ಮುರಿಯುವುದು ಹೆದೆ ಬಿಟ್ಟ ಕ್ಷಣದಲ್ಲಿ, ನಿಮ್ಮ ಎಡಗೈ ಪಕ್ಕದಲ್ಲೇ.

ನೀವಿರುವುದು ಬಾಣದ ಮರದ ತವರಿನಲ್ಲಿ. ಪೋರ್ಟ್ ಆರ್ಫರ್ಡ್ ಸೀಡರ್ ತಾನಾಗಿ ಬೆಳೆಯುವುದು ಓರೆಗಾನ್‌ನ ನೈರುತ್ಯ ಮೂಲೆಯಲ್ಲಿ, ಅದಕ್ಕೆ ಸೇರಿದ ಕ್ಯಾಲಿಫೋರ್ನಿಯಾದ ಉತ್ತರ ಭಾಗದಲ್ಲಿ ಮಾತ್ರ. ಹಗುರ, ನೇರ ಎಳೆ, ಬಗ್ಗಿಸಿ ಬಿಟ್ಟರೆ ತಕ್ಷಣ ನೆಟ್ಟಗಾಗುತ್ತದೆ. ಉಜ್ಜುವಾಗ ಕೋಣೆ ತುಂಬ ಶುಂಠಿಯ ಥರದ ವಾಸನೆ! ಬೇರು ಕೊಳೆಯುವ ರೋಗದಿಂದ ತುಂಬಾ ಮರ ಹೋಗಿವೆ, ಹಾಗಾಗಿ ಬೆಲೆ ಜಾಸ್ತಿ. ಅದು ಸಿಗದಿದ್ದರೆ ಸಿಟ್ಕಾ ಸ್ಪ್ರೂಸ್ ಅಥವಾ ಡಗ್ಲಸ್ ಫರ್ ತಗೊಳ್ಳಿ. ಎರಡೂ ಒಳ್ಳೆಯವೇ.

ಕಡ್ಡಿ ಕೊಳ್ಳುವಾಗ ಸ್ಪೈನ್ ಎಷ್ಟು ಅಂತ ಕೇಳಿ. ಸ್ಪೈನ್ ಅಂದರೆ ಕಡ್ಡಿಯ ಬಿಗಿ, ಬಗ್ಗದೆ ನಿಲ್ಲುವ ಗುಣ. ಬಾಣ ಬಿಲ್ಲಿನಿಂದ ಹೊರಡುವಾಗ ನೇರವಾಗಿ ಹೋಗುವುದಿಲ್ಲ, ಬಳುಕಿ ಬಿಲ್ಲಿನ ಪಕ್ಕದಿಂದ ಸುತ್ತಿಕೊಂಡು ಹೋಗುತ್ತದೆ. ಬಿಗಿ ಜಾಸ್ತಿಯಾದರೆ ಬಲಗೈಯವರ ಬಾಣ ಎಡಕ್ಕೆ ಹೋಗುತ್ತದೆ, ಕಡಿಮೆಯಾದರೆ ಬಲಕ್ಕೆ. ಅಳೆಯುವುದು ಸುಲಭ. 26 ಇಂಚು ಅಂತರದ ಎರಡು ಆಧಾರದ ಮೇಲೆ ಕಡ್ಡಿ ಇಟ್ಟು, ನಡುವೆ 2 ಪೌಂಡ್ ತೂಕ ತೂಗಿಬಿಡಬೇಕು. ಎಷ್ಟು ಇಂಚು ತಗ್ಗಿತೋ ಅದರಿಂದ 26 ಅನ್ನು ಭಾಗಿಸಿದರೆ ಸ್ಪೈನ್. 0.65 ಇಂಚು ತಗ್ಗಿದರೆ 40 ಪೌಂಡ್. ಅಂಗಡಿಯವರೇ ಅಳೆದು 35–40, 40–45 ಅಂತ ಗುಂಪು ಮಾಡಿ ಮಾರುತ್ತಾರೆ. ನಿಮ್ಮ ಬಿಲ್ಲಿಗೆ ಈ ಎರಡರಲ್ಲೂ ಒಂದೆರಡು ತರಿಸಿ, ಹೊಡೆದು ನೋಡಿ, ಆಮೇಲೆ ಡಜನ್ ಕೊಳ್ಳಿ. ಡಜನ್ ಪೂರ್ತಿ ಒಂದೇ ಸ್ಪೈನ್, ಹೆಚ್ಚೂಕಮ್ಮಿ ಒಂದೇ ತೂಕ ಇರಬೇಕು. ಬಾಣ ಬೇರೆಬೇರೆ ಥರ ಇದ್ದರೆ ನಿಮ್ಮ ಕೈ ತಪ್ಪಿತೋ ಬಾಣ ತಪ್ಪಿತೋ ಗೊತ್ತೇ ಆಗುವುದಿಲ್ಲ.

ಉದ್ದ ನಿಮ್ಮ ಎಳೆತಕ್ಕಿಂತ ಒಂದು ಇಂಚು ಜಾಸ್ತಿ ಇಟ್ಟುಕೊಳ್ಳಿ. ಸೊಟ್ಟ ಇದ್ದರೆ ಗಾಜಿನ ಮೇಲೆ ಉರುಳಿಸಿದಾಗ ಕಾಣುತ್ತದೆ. ಕೆಟಲ್‌ನ ಹಬೆಗೆ ಹಿಡಿದು, ಬೆರಳಲ್ಲಿ ನಿಧಾನವಾಗಿ ಎದುರು ಕಡೆಗೆ ಬಗ್ಗಿಸಿ, ತಣ್ಣಗಾಗುವ ತನಕ ಹಾಗೇ ಹಿಡಿದುಕೊಳ್ಳಿ.

ಎರಡೂ ತುದಿ ಚೂಪು ಮಾಡುವುದಕ್ಕೆ ಪೆನ್ಸಿಲ್ ಮೆಂಡರ್ ಥರದ್ದೇ ಒಂದು ಸಾಧನ ಸಿಗುತ್ತದೆ. ಮೊನೆ ಕೂರುವ ಕಡೆ 5 ಡಿಗ್ರಿ, ಹೆದೆ ಕೂರುವ ಪ್ಲಾಸ್ಟಿಕ್ ನಾಕ್ ಕಡೆ 11 ಡಿಗ್ರಿ. ನಾಕ್ ಅಂಟಿಸುವ ಮುಂಚೆ ಕಡ್ಡಿಯ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಮರದ ಉಂಗುರಗಳು ಗೆರೆಗೆರೆಯಾಗಿ ಕಾಣುತ್ತವೆ. ನಾಕ್‌ನ ಸೀಳು ಆ ಗೆರೆಗಳನ್ನು ಅಡ್ಡ ಕೊಯ್ಯುವಂತೆ ಕೂರಬೇಕು. ಆಗ ಕಡ್ಡಿಯ ಬಿಗಿಯಾದ ಪಕ್ಕ ಬಿಲ್ಲಿಗೆ ತಾಗುತ್ತದೆ. ಇನ್ನೊಂದು ವಿಷಯ: ಕಡ್ಡಿಯ ಮೈಮೇಲೆ ಎಳೆಗಳು ಚೂಪು ಚೂಪಾಗಿ ಮುಗಿದಿರುತ್ತವೆ. ಹೆದೆಗೆ ಹೂಡಿದಾಗ ಮೇಲ್ಗಡೆ ಕಾಣುವ ಚೂಪುಗಳು ಗುರಿಯ ಕಡೆಗಿರಲಿ. ಅಕಸ್ಮಾತ್ ಮುರಿದರೂ ಸಿಬಿರು ಕೈಗೆ ಇಳಿಯದೆ ಮೇಲಕ್ಕೆ ಹೋಗುವ ಸಾಧ್ಯತೆ ಜಾಸ್ತಿ.

ಉತ್ತರ 2: ಗರಿ ಬಗ್ಗೆ ನಾನು ಹೇಳುತ್ತೇನೆ. ಟರ್ಕಿ ಕೋಳಿಯದು ತಗೊಳ್ಳಿ, ಬೇರೆ ಯೋಚನೆಯೇ ಬೇಡ. ಪಾರ್ಕಿನಲ್ಲಿ ಬಿದ್ದ ಕಾಗೆ, ಗಿಡುಗದ ಗರಿ ಎತ್ತಿಟ್ಟುಕೊಳ್ಳುವುದು ಅಮೆರಿಕದಲ್ಲಿ ಕಾನೂನಿಗೆ ವಿರುದ್ಧ, 1918ರ ವಲಸೆ ಹಕ್ಕಿಗಳ ಕಾಯ್ದೆ ಇದೆ. ಊರಿಂದ ನವಿಲುಗರಿ ತರಿಸೋಣ ಅಂದುಕೊಂಡಿದ್ದರೆ ಅದೂ ಆಗದು. ಭಾರತದಿಂದ ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ.

ಎಡ ರೆಕ್ಕೆ, ಬಲ ರೆಕ್ಕೆ ಅಂತ ಬೇರೆಬೇರೆ ಬರುತ್ತವೆ. ಯಾವುದಾದರೂ ಸರಿ, ಆದರೆ ಒಂದು ಬಾಣಕ್ಕೆ ಎರಡನ್ನೂ ಬೆರೆಸಬಾರದು. ಎರಡರ ಬಾಗು ಎದುರುಬದುರು. ಗರಿ ಸ್ವಲ್ಪ ಓರೆಯಾಗಿ ಕೂತರೆ ಬಾಣ ತಿರುಗುತ್ತಾ ಹೋಗಿ ಬೇಗ ಸ್ಥಿರವಾಗುತ್ತದೆ. 4 ಅಥವಾ 5 ಇಂಚಿನ ಮೂರು ಗರಿ, 120 ಡಿಗ್ರಿ ಅಂತರ. ಇದಕ್ಕೆ ಅಂಟು ಒಣಗುವ ತನಕ ಗರಿಯನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಜಿಗ್ ಅನ್ನುವ ಸಾಧನ ಬೇಕೇ ಬೇಕು, ಬರಿಗೈಯಲ್ಲಿ ಮೂರೂ ಸಮ ಬರುವುದು ಕಷ್ಟ. ಹೂಡಿದಾಗ ಬಿಲ್ಲಿನಿಂದ ಆಚೆ ಕಡೆಗೆ ನಿಲ್ಲುವ ಗರಿ ಬೇರೆ ಬಣ್ಣದ್ದಿರಲಿ, ನೋಡದೇ ಹೂಡಲು ಅನುಕೂಲ. ಅಂಟು ಒಣಗಿದ ಮೇಲೆ ಗರಿದಂಟಿನ ಮುಂತುದಿಗೆ ಒಂದು ತೊಟ್ಟು ಅಂಟು ಹಾಕಿ. ಬಾಣ ಹಾರುವಾಗ ಬಿಲ್ಲಿಗೂ ಕೈಗೂ ಮೊದಲು ತಾಗುವುದು ಆ ತುದಿಯೇ. ಅದು ಎದ್ದಿದ್ದರೆ ಬೆರಳಿಗೆ ಚುಚ್ಚುತ್ತದೆ.

ಉತ್ತರ 3: ನಾನು ಇಂಗ್ಲೆಂಡ್‌ನಲ್ಲಿರುವುದು. ಬಣ್ಣ ಹಾಕುವುದು ನನಗೆ ಪ್ರಾಣ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಬಣ್ಣದ ಪಟ್ಟಿ ಬರೀ ಅಂದಕ್ಕಲ್ಲ. ಒಂದೇ ಗುರಿಗೆ ನಾಲ್ಕು ಜನ ಹೊಡೆದಾಗ ಯಾರ ಬಾಣ ಯಾವುದು ಅಂತ ಅದರಿಂದಲೇ ಗೊತ್ತಾಗುವುದು. ಹುಲ್ಲಿನಲ್ಲಿ ಹೂತ ಬಾಣ ಸಿಗುವುದೂ ಹಿಂಬದಿಯ ಬಿಳಿ ಅಥವಾ ಹಳದಿ ಬಣ್ಣದಿಂದಲೇ.

220 ನಂಬರಿನ ಸ್ಯಾಂಡ್ ಪೇಪರ್, ಆಮೇಲೆ 320. ಬಟ್ಟೆಯಲ್ಲಿ ಧೂಳು ಒರೆಸಿ. ಬೇಕಾದರೆ ಸ್ಟೇನ್, ಅಂದರೆ ಮರದೊಳಗೆ ಇಳಿಯುವ ಬಣ್ಣ, ಹಚ್ಚಿ, ಅದರ ಮೇಲೆ ತೆಳ್ಳಗೆ ವಾರ್ನಿಷ್. ಒಂದೊಂದು ಕೋಟ್ ಒಣಗಿದ ಮೇಲೆ ತೀರಾ ನಯವಾದ ಸ್ಟೀಲ್ ವುಲ್‌ನಿಂದ ಹಗುರವಾಗಿ ಉಜ್ಜಿ. ಎಣ್ಣೆ, ಮೇಣ ಗರಿ ಕೂರುವ ಜಾಗಕ್ಕೆ ತಾಗದಿರಲಿ, ಅಂಟು ನಿಲ್ಲುವುದಿಲ್ಲ. ಕತ್ತರಿಸಿ ಉಳಿದ ತುಂಡಿಗೆ ಅದೇ ವಾರ್ನಿಷ್ ಹಚ್ಚಿ, ಅದೇ ಅಂಟಿನಲ್ಲಿ ಒಂದು ಗರಿ ಅಂಟಿಸಿ ಎಳೆದು ನೋಡಿ. ಕೆಲವು ಅಂಟು ಕೆಲವು ವಾರ್ನಿಷ್‌ಗೆ ಹೊಂದುವುದಿಲ್ಲ.

ಪಟ್ಟಿಗೆ ಕಡ್ಡಿಯನ್ನು ನಿಧಾನವಾಗಿ ತಿರುಗಿಸುವ ಮೋಟಾರು ಬೇಕು. ವೇಗ ಕಡಿಮೆ ಮಾಡಲು ಬರುವ ಡ್ರಿಲ್ ಆದರೂ ನಡೆಯುತ್ತದೆ. ಬ್ರಷ್ ಆಡಿಸಬೇಡಿ. ಮಣಿಕಟ್ಟನ್ನು ಮರದ ತುಂಡಿನ ಮೇಲೆ ಊರಿ, ಬ್ರಷ್‌ನ ತುದಿ ತಾಗಿಸಿ ಸುಮ್ನೆ ಹಿಡಿಯಿರಿ, ಕಡ್ಡಿಯೇ ತಿರುಗಿ ಗೆರೆ ಎಳೆದುಕೊಳ್ಳುತ್ತದೆ. ಬಣ್ಣ ಹಾಲಿನಷ್ಟು ತೆಳುವಿರಲಿ. ಅಗಲದ ಪಟ್ಟಿ ಮೊದಲು, ಅದು ಒಣಗಿದ ಮೇಲೆ ಎರಡು ಬಣ್ಣ ಸೇರುವ ಕಡೆ ಸಣ್ಣ ಕಪ್ಪು ಗೆರೆ. ಅಂಚು ಅಂಕುಡೊಂಕಾಗಿದ್ದರೂ ಆ ಗೆರೆಯೊಳಗೆ ಮುಚ್ಚಿಹೋಗುತ್ತದೆ. ಪಟ್ಟಿಗಳ ಅಳತೆಯನ್ನು ಒಂದು ಕಾಗದದ ಮೇಲೆ ಗುರುತು ಮಾಡಿಟ್ಟುಕೊಂಡರೆ ಡಜನ್ ಪೂರ್ತಿ ಒಂದೇ ಥರ ಬರುತ್ತದೆ. ಇಷ್ಟೆಲ್ಲ ಆದ ಮೇಲೆ ನಾಕ್, ಗರಿ, ಮೊನೆ.

ಪೋರ್ಟ್ಸ್‌ಮತ್‌ಗೆ ಬಂದರೆ ಮೇರಿ ರೋಸ್ ಮ್ಯೂಸಿಯಂ ತಪ್ಪಿಸಬೇಡಿ. 1545ರಲ್ಲಿ ಮುಳುಗಿದ ಆ ಹೆಸರಿನ ಹಡಗನ್ನು 1982ರಲ್ಲಿ ಎತ್ತಿದರು. ಅದರಲ್ಲಿ ಸಾವಿರಾರು ಬಾಣ ಸಿಕ್ಕವು, ಹೆಚ್ಚಿನವು ಪಾಪ್ಲರ್ ಮರದವು. ಗರಿ ಕೂತಿದ್ದ ಜಾಗದಲ್ಲಿ ತಾಮ್ರ ಬೆರೆಸಿದ ಹಸಿರು ಲೇಪ, ಅದರ ಮೇಲೆ ದಾರ ಸುತ್ತಿದ ಗುರುತು ಇನ್ನೂ ಇದೆ. ಅದನ್ನು ನೋಡಿದ ಮೇಲೆ ನಾನೂ ಗರಿಯ ಮುಂತುದಿಗೆ ರೇಷ್ಮೆ ದಾರ ಸುತ್ತುತ್ತೇನೆ. ನೋಡಲೂ ಚಂದ, ಗಟ್ಟಿಯೂ ಹೌದು.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ ಆಯ್ತು. ಮೊನೆ ಎಷ್ಟು ತೂಕದ್ದು? ಬಾಣ ಹಾಳಾಗಿದೆ ಅಂತ ಹೇಗೆ ತಿಳಿಯುವುದು?

ಉತ್ತರ 1: 125 ಗ್ರೇನ್, ಅಂದರೆ ಸುಮಾರು 8 ಗ್ರಾಂ, ಅದರಿಂದ ಶುರು ಮಾಡಿ. ಬಿಸಿ ಮಾಡಿ ಹಚ್ಚುವ ಅಂಟಿನಲ್ಲಿ ಕೂರಿಸಿದರೆ ಮತ್ತೆ ಬಿಸಿ ಮಾಡಿ ಬದಲಾಯಿಸಬಹುದು. ಪ್ರತಿ ಸಲ ಹೊಡೆಯುವ ಮುಂಚೆ ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಮುಖದಿಂದ ದೂರ ಇಟ್ಟು, ತಿರುಗಿಸುತ್ತಾ ಎಲ್ಲ ಕಡೆಗೂ ಸ್ವಲ್ಪ ಬಗ್ಗಿಸಿ. ಚಟ್ ಅಂತ ಸದ್ದು ಬಂದರೆ, ಕೂದಲೆಳೆಯಷ್ಟು ಬಿರುಕು ಕಂಡರೂ, ಅಲ್ಲೇ ಎರಡು ತುಂಡು ಮಾಡಿ ಎಸೆಯಿರಿ, ಎಷ್ಟೇ ಚಂದದ ಬಣ್ಣ ಹಾಕಿದ್ದರೂ. ತುದಿಗಳಲ್ಲಿ ರಾಟೆ ಇರುವ ಕಾಂಪೌಂಡ್ ಬಿಲ್ಲಿನ ಗೆಳೆಯರು ಕೇಳಿದರೆ ಮರದ ಬಾಣ ಕೊಡಬೇಡಿ. ಆ ಬಿಲ್ಲಿನ ಹೊಡೆತ ಇದು ತಡೆಯುವುದಿಲ್ಲ.