ಊರ ಕಪ್ ಮಾಡೋಣ ಅಂದ್ರೆ "ಯಾರ ಕಪ್?" ಅಂತಾರೆ, ಏನು ಮಾಡೋದು?

ಸಿದ್ದಾಪುರ_ಹುಡುಗ:

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಸಣ್ಣ ಊರು. ಸುತ್ತ ಕಾಫಿ ತೋಟ, ನಡುವೆ ಒಂದು ಗದ್ದೆ. ಭತ್ತ ಕೊಯ್ದ ಮೇಲೆ ಮಳೆ ಹಿಡಿಯುವ ತನಕ ಅದೇ ನಮ್ಮ ಸ್ಟೇಡಿಯಂ. ಆಡುವವರಲ್ಲಿ ಕೊಡವರ ಹುಡುಗರಿದ್ದಾರೆ, ಗೌಡರವರಿದ್ದಾರೆ, ಮಾಪಿಳ್ಳೆ ಮುಸ್ಲಿಮರಿದ್ದಾರೆ, ಮನೆಯಲ್ಲಿ ತಮಿಳು ಮಾತಾಡುವವರಿದ್ದಾರೆ, ಪಕ್ಕದ ಹಾಡಿಯ (ಆದಿವಾಸಿ ಕೇರಿ) ಎರವರ ಹುಡುಗರಿದ್ದಾರೆ. ಮೂರು ವರ್ಷದಿಂದ ಲೈನ್ ಮನೆಯ (ತೋಟದ ಕೆಲಸಗಾರರ ಸಾಲು ಮನೆ) ಇಬ್ಬರು ಅಸ್ಸಾಮಿನವರೂ ಸೇರಿಕೊಂಡಿದ್ದಾರೆ. ಅವರಲ್ಲಿ ಒಬ್ಬ ಎಡಗೈ ಬೌಲರ್, ಅವನ ಓವರ್ ಬಂತು ಅಂದ್ರೆ ನಾನು ಬೇಕಂತಲೇ ಆ ಕಡೆ ಓಡಿ ನಿಲ್ತೇನೆ.

ಏಪ್ರಿಲ್ ಬಂದರೆ ಟೀಮ್ ಚೆಲ್ಲಾಪಿಲ್ಲಿ. ಕೊಡವ ಹುಡುಗರು ಒಕ್ಕದ (ಮನೆತನದ) ಹಾಕಿಗೆ, ಗೌಡ ಹುಡುಗರು ಕುಟುಂಬದ ಕ್ರಿಕೆಟ್‌ಗೆ, ಮುಸ್ಲಿಂ ಹುಡುಗರು ಅವರ ಕಪ್‌ಗೆ. ಗದ್ದೆಯಲ್ಲಿ ಉಳಿಯುವವರು ಐದಾರು ಜನ. ಯಾರು ಅಂತ ಹೇಳಬೇಕಾಗಿಲ್ಲ.

ಈ ಸಲ ಎಲ್ಲರೂ ಸೇರಿ ಒಂದು ಊರ ಕಪ್ ಮಾಡೋಣ ಅಂತ ಸಭೆ ಕರೆದೆವು. ಮೊದಲ ಪ್ರಶ್ನೆಯೇ "ಇದು ಯಾರ ಕಪ್?" ಎರಡನೆಯದು "ಬ್ಯಾನರಲ್ಲಿ ಯಾರ ಫೋಟೋ?" ಒಬ್ಬರು ಮೊದಲ ಬಹುಮಾನ ನಾನು ಕೊಡಿಸ್ತೇನೆ, ಆದರೆ ಉದ್ಘಾಟನೆ ನಮ್ಮ ಪಕ್ಷದವರದ್ದು ಅಂದರು. ಅವರು ಬಂದರೆ ನಮ್ಮ ಹುಡುಗರನ್ನ ಕಳಿಸಲ್ಲ ಅಂತ ಇನ್ನೊಬ್ಬರು ಎದ್ದು ಹೋದರು. ಕುರ್ಚಿ ಬಾಡಿಗೆ ಮಾತ್ರ ನನ್ನ ತಲೆಗೆ ಬಂತು.

ಇನ್ನೊಂದು ನನ್ನದೇ ತಪ್ಪು. ಎಂಟ್ರಿ ಫಾರ್ಮನ್ನು ಯಾವುದೋ ಕುಟುಂಬದ ಟೂರ್ನಮೆಂಟಿನಿಂದ ಹಾಗೇ ಇಳಿಸಿಕೊಂಡಿದ್ದೆ. ಅದರಲ್ಲಿ ಎರಡನೇ ಕಾಲಂ "ಮನೆ ಹೆಸರು". ಎಡಗೈ ಹುಡುಗ ಪೆನ್ ಹಿಡಿದು "ಅಣ್ಣ, ಇಲ್ಲಿ ಏನು ಬರೀಬೇಕು?" ಅಂದ. ಪಕ್ಕದಲ್ಲಿದ್ದ ಹಾಡಿಯ ಹುಡುಗ "ಬಿಡು, ನಂದೂ ಖಾಲಿ" ಅಂದ. ಅವತ್ತಿಂದ ಅದೇ ತಲೆಯಲ್ಲಿ ಕೊರೀತಾ ಇದೆ.

ಇಷ್ಟು ಸಣ್ಣ ಜಿಲ್ಲೆಯಲ್ಲಿ ಎಲ್ಲವೂ ಯಾಕೆ ಬೇರೆ ಬೇರೆ? ಯಾರಾದರೂ ಸೇರಿಸಿ ಮಾಡಿ ನೋಡಿದ್ದೀರಾ?

ಹಳೇ ಕೋವಿ:

ತಮ್ಮಾ, ಬೇರೆ ಬೇರೆ ಕಪ್ ಅಂದ ಕೂಡಲೇ ಜಗಳ ಅಂತ ತಿಳಿಯಬೇಡ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಹಾಕಿ ಶುರು ಮಾಡಿದಾಗ ಸೇರಿದ್ದು 60 ಒಕ್ಕ. 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡ, ಗಿನ್ನೆಸ್‌ವರೆಗೆ ಹೋಯಿತು. ಅದು ಯಾರನ್ನೋ ಹೊರಗಿಡಲು ಹುಟ್ಟಿದ್ದಲ್ಲ. ಒಕ್ಕದ ಮಕ್ಕಳು ಬೆಂಗಳೂರು, ದುಬೈ ಅಂತ ಚದುರಿ ಹೋಗಿದ್ದರು. ನನ್ನ ಅಣ್ಣನ ಮೊಮ್ಮಗ ನನ್ನನ್ನೇ "ಅಂಕಲ್, ನೀವು ಯಾರು?" ಅಂತ ಕೇಳಿದ್ದು ಐನ್‌ಮನೆಯ (ಒಕ್ಕದ ಮೂಲಮನೆ) ಬಾಗಿಲಲ್ಲಿ. ಹಾಕಿ ಇಲ್ಲದಿದ್ದರೆ ಅವನು ಆ ಬಾಗಿಲಿಗೂ ಬರುತ್ತಿರಲಿಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳೂ ಗಂಡಸರ ಜೊತೆ ಒಂದೇ ತಂಡದಲ್ಲಿ ಆಡುತ್ತಾರೆ, ಅದೂ ಗೊತ್ತಿರಲಿ.

ಇನ್ನು ರಾಜಕೀಯ. 1956ರ ನವೆಂಬರ್ 1ರ ತನಕ ನಾವು ಬೇರೆ ರಾಜ್ಯ. 24 ಜನರ ವಿಧಾನಸಭೆ, ನಮ್ಮದೇ ಮುಖ್ಯಮಂತ್ರಿ. ಮೈಸೂರಿಗೆ ಸೇರಿದ ಮೇಲೆ ಸೀಟು ಕರಗುತ್ತಾ ಬಂತು. 2008ರಲ್ಲಿ ಸೋಮವಾರಪೇಟೆ ಕ್ಷೇತ್ರವೂ ಹೋಯಿತು. ಈಗ ಇಡೀ ಜಿಲ್ಲೆಗೆ ಮಡಿಕೇರಿ, ವಿರಾಜಪೇಟೆ ಎರಡೇ. ಎಂಪಿ ಸೀಟು ಮೈಸೂರಿನ ಜೊತೆ ಪಾಲು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನ ಐದೂವರೆ ಲಕ್ಷ, ಕೊಡವ ತಕ್ಕ್ ತಾಯಿಭಾಷೆ ಅಂದವರು ಇಡೀ ದೇಶದಲ್ಲಿ 1.13 ಲಕ್ಷ ಚಿಲ್ಲರೆ. ತಲೆ ಎಣಿಕೆಯ ಆಟದಲ್ಲಿ ನಾವು ಎಲ್ಲಿ ನಿಲ್ಲುತ್ತೇವೆ ನೀನೇ ಹೇಳು. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿಯ ಸರ್ಕಾರಿ ಆದೇಶದಲ್ಲೇ "ಕೂರ್ಗ್ ರೇಸ್" ಅಂತ ಪದ ಇದೆ. 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಿದರು, 2021ರಲ್ಲಿ ಹೈಕೋರ್ಟೂ ಎತ್ತಿ ಹಿಡಿಯಿತು. ಹೆಸರು ಉಳಿಸಿಕೊಳ್ಳುವುದು ತಪ್ಪಾ?

ಕಾಫಿಹೂ:

ಅಂಕಲ್, ಆ ಆದೇಶದ ಅರ್ಧ ಸಾಲು ಬಿಟ್ಟುಬಿಟ್ಟಿರಲ್ಲ! "ಜಮ್ಮಾ ಹಿಡುವಳಿದಾರರು" (ಜಮ್ಮಾ ಅಂದ್ರೆ ವಂಶಪಾರಂಪರ್ಯವಾಗಿ ಬಂದ ಜಮೀನು) ಅಂತಲೂ ಅಲ್ಲೇ ಇದೆ. ನಮ್ಮ ತಾತನ ಕೋವಿ ಗೋಡೆ ಮೇಲಿರುವುದು ಆ ಉಳಿದ ಅರ್ಧ ಸಾಲಿನಿಂದ. ನಾವು ಅರೆಭಾಷೆ ಮಾತಾಡುವ ಗೌಡರು.

ಬೇಜಾರು ಮಾಡ್ಕೋಬೇಡಿ, ನಿಮ್ಮ ಕಳವಳ ಅರ್ಥ ಆಗುತ್ತೆ. ಆದರೆ ನೀವು "ನಾವು" ಅಂದಾಗ ಆ ನಾವು ಎಲ್ಲಿಗೆ ನಿಲ್ಲುತ್ತೆ ಅಂತ ನಾವು ಕಾಯ್ತಾ ಇರ್ತೇವೆ. ಬಂಡಾಯ ಎದ್ದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಬ್ರಿಟಿಷರು 1837ರಲ್ಲಿ ಮಡಿಕೇರಿ ಕೋಟೆಯಲ್ಲಿ ಗಲ್ಲಿಗೆ ಹಾಕಿದರು. ನಾನು ಇದೇ ಜಿಲ್ಲೆಯಲ್ಲಿ ಓದಿ ಹತ್ತನೇ ಕ್ಲಾಸ್ ಮುಗಿಸುವ ತನಕ ಒಬ್ಬರೂ ಆ ಹೆಸರು ಹೇಳಲಿಲ್ಲ. ಮನೆಯಲ್ಲಿ ಅಜ್ಜಿ ಹೇಳಿದ್ದು. ಅರೆಭಾಷೆಗೆ ಅಕಾಡೆಮಿ ಬಂದಿದ್ದೇ 2011ರಲ್ಲಿ. ಪ್ರವಾಸಕ್ಕೆ ಬರುವವರಂತೂ ಬಿಡಿ, ಅವರಿಗೆ ಕೊಡಗು ಅಂದ್ರೆ ಪಂದಿ ಕರಿ, ಕೊಡವರ ಉಡುಪು ಕುಪ್ಯಚೇಲೆ, ಮುಗೀತು.

2024ರ ಕೊನೆಯಲ್ಲಿ ಕಟ್ಟೆಮಾಡು ದೇವಸ್ಥಾನಕ್ಕೆ ಕೊಡವ ಉಡುಪಿನಲ್ಲಿ ಬರಬಹುದಾ ಅಂತ ಗಲಾಟೆ ಆಯ್ತಲ್ಲ, ಆಗ ನಡೆದದ್ದು ಹೇಳ್ತೇನೆ. ನನಗೊಬ್ಬಳು ಕೊಡವ ಗೆಳತಿ, ಹದಿನೈದು ವರ್ಷದ ಸ್ನೇಹ. ಅವಳ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಬಂತು, ನನ್ನ ಗ್ರೂಪಿಗೂ ಅದೇ ಫೋಟೋ ಬಂತು. ಕೆಳಗಿನ ಬರಹ ಮಾತ್ರ ಉಲ್ಟಾ. ಇಬ್ಬರೂ ಮೊಬೈಲ್ ಪಕ್ಕಪಕ್ಕ ಇಟ್ಟು ನೋಡಿದ್ದು ಎರಡು ತಿಂಗಳು ಮಾತು ಬಿಟ್ಟ ಮೇಲೆ. ಎರಡು ತಿಂಗಳು! ಅವಳ ಮಗಳ ಹುಟ್ಟುಹಬ್ಬಕ್ಕೂ ನಾನು ಹೋಗಿರಲಿಲ್ಲ.

ಅದಕ್ಕೇ ಸಿದ್ದಾಪುರದ ತಮ್ಮನಿಗೆ ಒಂದು ಮಾತು. ಕಪ್ ಮಾಡು, ಆದರೆ ವಾಟ್ಸಾಪ್ ಗ್ರೂಪ್ ಒಂದೇ ಇರಲಿ.

ತೋಟದಮನೆ_72:

ಇದೆಲ್ಲ ಸುಮ್ನೆ. ಊರ ಕಪ್ ಅಂತೀರಿ, ನಾಳೆ ಹೊರಗಿನವರು ಬಂದು ಟ್ರೋಫಿ ಹೊಡ್ಕೊಂಡು ಹೋಗ್ತಾರೆ. ಆಮೇಲೆ ಎಲ್ಲರದ್ದೂ ರೇಷನ್ ಕಾರ್ಡು, ಓಟು. ಅಸ್ಸಾಮು ಅಂತಾರೆ, ಎಲ್ಲಿಯವರೋ ಯಾರಿಗೆ ಗೊತ್ತು.

ಕಾಳುಮೆಣಸು:

@ತೋಟದಮನೆ, ಕಾಫಿ ಕೊಯ್ಯೋಕೆ ಬೇಕು, ಕ್ಯಾಚ್ ಹಿಡಿಯೋಕೆ ಬೇಡ್ವಾ? ಡಿಸೆಂಬರಿನಲ್ಲಿ ನೀವೇ ಬಸ್ ಸ್ಟ್ಯಾಂಡಲ್ಲಿ ಕಾದು ಜೀಪ್ ಹತ್ತಿಸ್ತೀರಿ. ಆಧಾರ್ ಕಾರ್ಡಿನ ನಕಲೂ ತಗೊಂಡಿರ್ತೀರಿ. ಹಾಗಿದ್ದ ಮೇಲೆ ಎಲ್ಲಿಯವರು ಅಂತ ನಿಮಗೇ ಗೊತ್ತಿರಬೇಕಲ್ಲ.

ನಾನು ಮೆಣಸು, ಕಾಫಿ ವ್ಯಾಪಾರದವ. ನಮ್ಮ ಮಾಪಿಳ್ಳೆಗಳಲ್ಲೂ ಒಕ್ಕದ ಹೆಸರು ಇಟ್ಟುಕೊಂಡವರಿದ್ದಾರೆ, ಮನೆಯಲ್ಲಿ ಕೊಡವ ತಕ್ಕೇ ಮಾತಾಡುವವರಿದ್ದಾರೆ. ಎಮ್ಮೆಮಾಡು ದರ್ಗಾದ ಉರೂಸ್‌ಗೆ ಹೋದರೆ ಯಾರು ಯಾವ ಜಾತಿ ಅಂತ ಕೇಳುವುದಿಲ್ಲ. ಆದರೆ 2015ರ ನವೆಂಬರಿನಲ್ಲಿ ಟಿಪ್ಪು ಜಯಂತಿ ದಿನ ಮಡಿಕೇರಿಯಲ್ಲಿ ಆದ ಗಲಭೆ, ಸಾವು ನೋವು, ಎಲ್ಲರಿಗೂ ನೆನಪಿದೆ. ಆ ವಾರ ನಾನು ಅಂಗಡಿ ಶಟರ್ ಎತ್ತಲಿಲ್ಲ. ಮೆಣಸು ಹಾಕಲು ಬರುತ್ತಿದ್ದ ಒಬ್ಬ ಹಳೇ ಗಿರಾಕಿ ಫೋನ್ ಮಾಡಿ "ಹಿಂದಿನ ಬಾಗಿಲು ತೆಗಿ, ಮೂಟೆ ತರ್ತೇನೆ" ಅಂದರು. ಬಂದರು, ತೂಕ ಹಾಕಿದೆವು, ಟೀ ಕುಡಿದೆವು. ಇಬ್ಬರೂ ಆ ವಿಷಯ ಎತ್ತಲಿಲ್ಲ. ಇವತ್ತಿಗೂ ಎತ್ತಿಲ್ಲ. ಅದು ಒಳ್ಳೇದಾ ಕೆಟ್ಟದ್ದಾ ನಂಗೆ ಗೊತ್ತಿಲ್ಲ.

ಬ್ಯಾನರ್ ಖರ್ಚು ನಂದು. ಫೋಟೋ ಯಾರದ್ದೂ ಬೇಡ. ಬೇಕೇ ಬೇಕು ಅಂದ್ರೆ ಗದ್ದೆಯ ಫೋಟೋ ಹಾಕಿ.

ಹಾಡಿ ಮೇಷ್ಟ್ರು:

ಎಲ್ಲರ ಮಾತೂ ಓದಿದೆ. ಯಾರ ಕಪ್ ದೊಡ್ಡದು ಅಂತ ನಿಮ್ಮ ಚರ್ಚೆ. ನಮ್ಮ ಹುಡುಗರಿಗೆ ಕಪ್ಪೇ ಇಲ್ಲ, ಹಾಗಾಗಿ ಆ ಜಗಳವೂ ಇಲ್ಲ.

ಆ ಹುಡುಗ "ನಂದೂ ಖಾಲಿ" ಅಂದ ಅಂತ ಬರೆದಿದ್ದೀಯಲ್ಲ, ಅದು ಸುಳ್ಳು ತಮ್ಮ. ಅವನಿಗೂ ಕುಲ ಇದೆ, ಹೆಸರಿದೆ. ಎರವರಲ್ಲೇ ಪಣಿ ಎರವರು ಬೇರೆ, ಪಂಜಿರಿ ಎರವರು ಬೇರೆ. ಮಾತೂ ಒಂದೇ ಅಲ್ಲ. ಜೇನು ಕುರುಬರು, ಬೆಟ್ಟ ಕುರುಬರು, ಕುಡಿಯರು, ಎಲ್ಲರೂ ಬೇರೆ ಬೇರೆ. ಆದರೆ ತೋಟದ ಚೆಕ್‌ರೋಲಿನಲ್ಲಿ (ಕೂಲಿ ಹಾಜರಿ ಪುಸ್ತಕ) ಯಾರೂ ಅದನ್ನು ಕೇಳಲಿಲ್ಲ. ಹೆಸರಿನ ಮುಂದೆ ತೋಟದ ಸಾಹುಕಾರರ ಹೆಸರು, "ಇಂಥವರ ಲೈನಿನವನು" ಅಂತ. ನಮ್ಮ ವಿಳಾಸ ಅಷ್ಟೇ. ಹಾಗೆ ಮೂರು ತಲೆಮಾರು ಕಳೆದರೆ ಹುಡುಗ ಖಾಲಿ ಅನ್ನದೆ ಇನ್ನೇನು ಹೇಳುತ್ತಾನೆ?

2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ 577 ಆದಿವಾಸಿ ಕುಟುಂಬಗಳ ಗುಡಿಸಲು ಕಿತ್ತು ಹಾಕಿದರು. ಅರಣ್ಯದ ಜಾಗ ಅಂದರು. ಅವರಲ್ಲಿ ಎಷ್ಟೋ ಜನ ಲೈನ್ ಮನೆ ಬಿಟ್ಟು, ಒಂದು ತುಂಡು ನೆಲ ನಮ್ಮದು ಅಂತ ಇರಲಿ ಎಂದು ಬಂದವರು. ನಾನು ಹೋಗಿದ್ದೆ. ಒಬ್ಬಳು ಅಜ್ಜಿ ಸುತ್ತ ಏನೂ ಇಲ್ಲದ ಕಡೆ ಮೂರು ಕಲ್ಲಿಟ್ಟು ಗಂಜಿ ಕಾಯಿಸುತ್ತಿದ್ದಳು. ಗೋಡೆ ಇಲ್ಲ, ಒಲೆ ಮಾತ್ರ ಹಿಂದಿನ ದಿನ ಇದ್ದಲ್ಲೇ ಇದೆ. ಆಮೇಲೆ ಹೋರಾಟ ಆಗಿ ಬಸವನಹಳ್ಳಿ, ಬ್ಯಾಡಗೊಟ್ಟ ಕಡೆ ಮನೆ ಕೊಟ್ಟರು. ಅಲ್ಲಿಂದ ತೋಟದ ಕೆಲಸಕ್ಕೆ ಬರುವುದು ಎಷ್ಟು ದೂರ ಅಂತ ಬಸ್ ಹತ್ತಿದವರಿಗೆ ಗೊತ್ತು.

ಕೋವಿ ಅಂಕಲ್ ಸೀಟಿನ ಲೆಕ್ಕ ಹೇಳಿದರು. ವಿರಾಜಪೇಟೆ 2008ಕ್ಕೆ ಮೊದಲು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು. ಕ್ಷೇತ್ರ ಮರುವಿಂಗಡಣೆ ಆಗಿ ಸಾಮಾನ್ಯ ಆಯಿತು. ನಿಮ್ಮದು ಒಂದು ಸೀಟು ಹೋಯಿತು, ನಮ್ಮದು ಇದ್ದ ಒಂದೂ ಹೋಯಿತು. ಇದನ್ನು ಬೈದು ಹೇಳುತ್ತಿಲ್ಲ. ಬೈಯಲು ನಮಗೆ ದೇವರಪುರದ ಕುಂಡೆ ಹಬ್ಬ ಇದೆ. ವರ್ಷಕ್ಕೊಂದು ದಿನ ಸಾಹುಕಾರರನ್ನೂ ದೇವರನ್ನೂ ಮನಸಾರೆ ಬೈದು, ಡಬ್ಬ ಬಡಿದು, ಕುಣಿದು, ಮರುದಿನ ಮತ್ತೆ ಕೆಲಸ. (ಆ ದಿನ ಬೈಗುಳ ತಿಂದು ನಗುವ ಸಾಹುಕಾರರು ಉಳಿದ ದಿನ ಒಂದು ಕೂಲಿ ಪ್ರಶ್ನೆಗೆ ಮುಖ ಗಂಟು ಹಾಕ್ತಾರೆ, ಅದು ಬೇರೆ ಮಾತು.)

ಕಪ್ ಮಾಡುವುದಾದರೆ ಕೆಲಸದ ದಿನ ಇಡಬೇಡ. ಒಂದು ಮ್ಯಾಚ್ ಅಂದರೆ ನಮ್ಮವರಿಗೆ ಒಂದು ದಿನದ ಕೂಲಿ ಹೋದ ಹಾಗೆ. ಆಮೇಲೆ "ಅವರು ಬರಲೇ ಇಲ್ಲ" ಅಂತ ನೀವೇ ಹೇಳ್ತೀರಿ.

ಕುಶಾಲನಗರ_ಟು_ಸಿಂಗಾಪುರ:

ನಾನು ಹನ್ನೊಂದು ವರ್ಷದಿಂದ ಸಿಂಗಾಪುರದಲ್ಲಿದ್ದೇನೆ, ಇಲ್ಲಿ ಪಿಆರ್ (ಕಾಯಂ ನಿವಾಸಿ). ಊರಲ್ಲಿ ಯಾರ ಜೊತೆ ಯಾರು ಇರಬೇಕು ಅಂತ ಸರ್ಕಾರವೇ ಲೆಕ್ಕ ಹಾಕಿದರೆ ಹೇಗಿರುತ್ತೆ ಅಂತ ಹೇಳ್ತೇನೆ.

1964ರಲ್ಲಿ ಇಲ್ಲಿ ಚೀನೀಯರಿಗೂ ಮಲಯರಿಗೂ ದೊಡ್ಡ ಗಲಭೆ ಆಯ್ತು. 1965ರಲ್ಲಿ ಮಲೇಷ್ಯಾದಿಂದ ಬೇರೆಯಾದರು. 1989ರಿಂದ ಸರ್ಕಾರಿ ಫ್ಲ್ಯಾಟುಗಳಲ್ಲಿ ಜನಾಂಗದ ಕೋಟಾ ಇದೆ. ಒಂದು ಬ್ಲಾಕಿನಲ್ಲಿ ಚೀನೀಯರು ಶೇ 87ರ ಮೇಲೆ ಹೋಗುವ ಹಾಗಿಲ್ಲ, ಮಲಯರಿಗೆ ಶೇ 25, ಭಾರತೀಯರು ಮತ್ತು ಇತರರಿಗೆ ಶೇ 15. ಜನರಲ್ಲಿ ಹೆಚ್ಚಿನವರು ಇರುವುದು ಇಂಥ ಫ್ಲ್ಯಾಟುಗಳಲ್ಲೇ, ಹಾಗಾಗಿ ಒಂದೇ ಜನಾಂಗದ ಕೇರಿ ಅಂತ ಆಗಲು ಬಿಡಲ್ಲ. ಚುನಾವಣೆಯಲ್ಲೂ 1988ರಿಂದ ಕೆಲವು ಕ್ಷೇತ್ರಗಳಿಗೆ ಗುಂಪಾಗಿ ನಿಲ್ಲಬೇಕು, ಗುಂಪಿನಲ್ಲಿ ಒಬ್ಬರಾದರೂ ಅಲ್ಪಸಂಖ್ಯಾತರು ಇರಲೇಬೇಕು.

ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಚೀನೀಯರ ಕೋಟಾ ತುಂಬಿದ ಬ್ಲಾಕಿನಲ್ಲಿ ಭಾರತೀಯನೊಬ್ಬ ಫ್ಲ್ಯಾಟ್ ಮಾರಬೇಕಾದರೆ ಚೀನೀಯನಿಗೆ ಮಾರುವಂತಿಲ್ಲ. ಕೊಳ್ಳುವವರು ಕಡಿಮೆ, ಬೆಲೆಯೂ ಕಡಿಮೆ. ಇದು ನಿಜ ಅಂತ ಸರ್ಕಾರವೂ ಒಪ್ಪಿ, 2022ರಲ್ಲಿ ಅಂಥ ಕೆಲವರ ಫ್ಲ್ಯಾಟನ್ನು ತಾನೇ ವಾಪಸ್ ಕೊಳ್ಳುತ್ತೇನೆ ಅಂತು.

ಇನ್ನು ಗುರುತಿನ ವಿಷಯ. ಇಲ್ಲಿ ಚೀನೀಯ, ಮಲಯ, ಭಾರತೀಯ, ಇತರ ಅಂತ ನಾಲ್ಕೇ ಡಬ್ಬ. ಕೊಡವರಾ, ಗೌಡರಾ ಅಂತ ಯಾರಿಗೂ ಬೇಡ, ನಾವೆಲ್ಲ "ಇಂಡಿಯನ್". ನನ್ನ ಮಗ ಶಾಲೆಯಲ್ಲಿ "ಮಾತೃಭಾಷೆ" ಅಂತ ಕಲಿಯುತ್ತಿರುವುದು ಹಿಂದಿ, ಯಾಕಂದ್ರೆ ಆ ಪಟ್ಟಿಯಲ್ಲಿ ಕನ್ನಡವೂ ಇಲ್ಲ, ನಮ್ಮ ಮನೆಮಾತು ಅರೆಭಾಷೆಯಂತೂ ದೂರದ ಮಾತು. ಅವನ ಅಜ್ಜಿ ಫೋನಿನಲ್ಲಿ ಮಾತಾಡಿದರೆ ನಾನು ಮಧ್ಯೆ ಕೂತು ಅನುವಾದ ಮಾಡಬೇಕು.

ಅದಕ್ಕೆ ಹೇಳೋದು, ಮನೆ ಹೆಸರಿನ ಕಪ್‌ಗಳು ಇರಲಿ ಮಾರಾಯ್ರೆ. ಅವನ್ನು ಮುಚ್ಚಿ ಒಂದೇ ಮಾಡಿ ಅಂತ ನಾನಂತೂ ಹೇಳಲ್ಲ. ಆದರೆ ಅವುಗಳ ಹೊರಗೆ ಒಂದು ಗದ್ದೆ ಇರಬೇಕು.

ಹಳೇ ಕೋವಿ:

ಕಾಫಿಹೂ, ಅರ್ಧ ಸಾಲಿನ ವಿಷಯ ಸರಿ. ಒಪ್ಪಿದೆ. ವಯಸ್ಸಾಯ್ತು, ನಮಗೆ ಬೇಕಾದ ಅರ್ಧ ಮಾತ್ರ ನೆನಪಿರುತ್ತೆ.

ಮೇಷ್ಟ್ರೇ, ನನ್ನ ತೋಟದ ಚೆಕ್‌ರೋಲ್ ಈಗ ತೆಗೆದು ನೋಡಿದೆ. ಇಪ್ಪತ್ತಾರು ಹೆಸರು. ನಾಲ್ಕು "ಕರಿಯ" ಇದ್ದಾರೆ. ಗುರುತಿಗೆ ನಾವೇ ಒಂದನೇ ಕರಿಯ, ಎರಡನೇ ಕರಿಯ ಅಂತ ಬರೆದಿದ್ದೇವೆ. ಇಷ್ಟು ವರ್ಷ ಇದು ಕಣ್ಣಿಗೆ ಬಿದ್ದಿರಲಿಲ್ಲ.

ಸಿದ್ದಾಪುರ_ಹುಡುಗ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಗದ್ದೆಯಲ್ಲೇ ಕೂತು ಮತ್ತೆ ಮಾತಾಡಿದೆವು. ಸಭೆ ಅಂತ ಕರೆಯಲಿಲ್ಲ, ಹಾಗಾಗಿ ದೊಡ್ಡವರು ಯಾರೂ ಬರಲಿಲ್ಲ, ಕುರ್ಚಿಯೂ ಬೇಕಾಗಲಿಲ್ಲ. ಮೇ ತಿಂಗಳ ಮೊದಲ ಎರಡು ಭಾನುವಾರ. ಕುಟುಂಬದ ಮ್ಯಾಚ್ ಇರುವವರು ಅದು ಮುಗಿಸಿ ಬರಲಿ. ತಂಡ ಮಾಡುವುದು ಚೀಟಿ ಎತ್ತಿ. ಉದ್ಘಾಟನೆ ಇಲ್ಲ, ಟಾಸ್ ಹಾಕಿದರೆ ಶುರು. ಬಹುಮಾನ ಕೊಡ್ತೇನೆ ಅಂದವರಿಗೆ ಬೇಡ ಅಂದೆ, ಸ್ವಲ್ಪ ಮುನಿಸಿಕೊಂಡಿದ್ದಾರೆ. ಗೆದ್ದವರಿಗೆ ಒಂದು ಬಾಳೆಗೊನೆ, ನಮ್ಮ ಹಿತ್ತಲದ್ದೇ.

ಫಾರ್ಮಿನ ಎರಡನೇ ಕಾಲಂನಲ್ಲಿ "ನಿನ್ನನ್ನು ಏನಂತ ಕರೆಯಬೇಕು" ಅಂತ ಬರೆದೆವು. ಒಬ್ಬ ಒಕ್ಕದ ಹೆಸರು ಬರೆದ, ಒಬ್ಬ ಅಪ್ಪನ ಹೆಸರು ಬರೆದ. ಹಾಡಿಯ ಹುಡುಗ ಯೋಚನೆ ಮಾಡಿ, ಮನೆಗೆ ಹೋಗಿ ಅಜ್ಜಿಯನ್ನು ಕೇಳಿ ಬಂದು ಬರೆದ. ಎಡಗೈಯವನು ತನ್ನ ಜಿಲ್ಲೆಯ ಹೆಸರು ಬರೆದಿದ್ದಾನೆ, ಆದರೆ ನಮಗ್ಯಾರಿಗೂ ಅದು ಸರಿಯಾಗಿ ಉಚ್ಚರಿಸಲು ಬರ್ತಾ ಇಲ್ಲ.

ತೋಟದಮನೆ_72:

ಎಂಟ್ರಿ ಫೀ ಎಷ್ಟು? ನನ್ನ ಮಗ ಕೇಳ್ತಿದ್ದಾನೆ.