ವಿಮಾನ ಏರುವಾಗ ಪೈಲಟ್‌ಗಳು ತಪ್ಪುವುದು ಎಲ್ಲಿ? ಕೇಳಿ, ಹೇಳ್ತೇನೆ

ಎಲ್ಲರಿಗೂ ನಮಸ್ಕಾರ. ನಾನು ವಿಮಾನ ಕಂಪನಿಯಲ್ಲಿ ಪೈಲಟ್ ಆಗಿದ್ದವನು, ನಿವೃತ್ತನಾಗಿ ಈಗ ಶಿರಸಿ ಹತ್ತಿರ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಅಂಕೋಲಾದ ಅಲಗೇರಿ ವಿಮಾನ ನಿಲ್ದಾಣದ ಸುದ್ದಿ ಬಂದಾಗಲೆಲ್ಲ ಈ ಗುಂಪಿನಲ್ಲಿ ವಿಮಾನದ ಪ್ರಶ್ನೆಗಳು ಶುರುವಾಗುತ್ತವೆ, ಒಮ್ಮೆ ಕೂತು ಉತ್ತರ ಕೊಡಿ ಅಂತ ಅಡ್ಮಿನ್ ಹೇಳಿದರು. ಇವತ್ತು ಟೇಕಾಫ್ ಮತ್ತು ಮೇಲೇರುವ ಹೊತ್ತಿನ ವಿಷಯ ಮಾತ್ರ. ಲ್ಯಾಂಡಿಂಗ್ ಇನ್ನೊಂದು ದಿನ.

ಪ್ರಶ್ನೆ (ಕಾರವಾರ): ಸರ್, ಮೊನ್ನೆ ದಾಬೋಳಿಯಿಂದ ಬೆಂಗಳೂರಿಗೆ ಹೊರಟಿದ್ದೆವು. ಮೇಲೆದ್ದು ಒಂದು ನಿಮಿಷ ಆಗಿತ್ತೋ ಇಲ್ಲವೋ, ಎಂಜಿನ್ ಸದ್ದು ತಟ್ಟನೆ ಇಳಿಯಿತು. ಹೊಟ್ಟೆಯೊಳಗೆ ಕಲಸಿದ ಹಾಗಾಯ್ತು. ಅಮ್ಮ ಅಲ್ಲೇ ಇಡಗುಂಜಿ ಗಣಪತಿಗೆ ಹರಕೆ ಹೊತ್ತರು. ಪೈಲಟ್ ಏನಾದರೂ ತಪ್ಪು ಮಾಡಿದ್ದಾ?

ಉತ್ತರ: ಇಲ್ಲ ಮಾರಾಯ್ರೆ, ಅದು ಸರಿಯಾಗಿ ಮಾಡಿದ ಕೆಲಸ. ಟೇಕಾಫ್‌ನ ಪೂರ್ತಿ ಜೋರನ್ನು ಎಂಜಿನ್ ಮೇಲೆ ಜಾಸ್ತಿ ಹೊತ್ತು ಹಾಕುವ ಹಾಗಿಲ್ಲ, ಸಾಮಾನ್ಯವಾಗಿ 5 ನಿಮಿಷದ ಮಿತಿ. ಸಾವಿರ, ಸಾವಿರದೈನೂರು ಅಡಿ ದಾಟುವಾಗ ಜೋರು ಸ್ವಲ್ಪ ಇಳಿಸಿ, ಮೂತಿಯನ್ನೂ ತುಸು ತಗ್ಗಿಸಿ ವೇಗ ಹೆಚ್ಚಿಸುತ್ತಾರೆ. ಮೈಗೆ ಬಿದ್ದ ಹಾಗೆ ಅನಿಸುತ್ತದೆ. ವಿಮಾನ ಏರುತ್ತಲೇ ಇರುತ್ತದೆ. ಅಮ್ಮನ ಹರಕೆ ಇರಲಿ ಬಿಡಿ, ಇಡಗುಂಜಿಗೆ ಹೋಗಲು ಕಾರಣ ಬೇಕಾ?

ಪ್ರಶ್ನೆ (ಯಲ್ಲಾಪುರ): ನಾನು ಹೈಸ್ಕೂಲ್ ಮಾಸ್ತರ. ಹಾಗಾದರೆ ನಿಜವಾದ ತಪ್ಪು ಯಾವುದು? ಹಾರಿಸಲು ಬರದೆ ಬಿದ್ದದ್ದು ಉಂಟಾ?

ಉತ್ತರ: ಮಾಸ್ತರೆ, ಹಾರಿಸಲು ಬರದವನು ಆ ಸೀಟಿಗೆ ಬರುವುದೇ ಕಷ್ಟ. ಏರುವಾಗ ಕಾಣಿಸುವ ತಪ್ಪು ಹೆಚ್ಚಿನ ಸಲ ನೆಲದ ಮೇಲೇ ಆಗಿಹೋಗಿರುತ್ತದೆ, ಮೇಲೆದ್ದ ಮೇಲೆ ಬಯಲಾಗುತ್ತದೆ ಅಷ್ಟೆ.

ರೆಕ್ಕೆ ಪಕ್ಕ ಕೂತವರು ನೋಡಿರಬಹುದು, ಟೇಕಾಫ್‌ಗೆ ಮೊದಲು ರೆಕ್ಕೆಯ ಹಿಂದಿನ ಅಂಚಿನಿಂದ ಹಲಗೆಯಂಥದ್ದು ಜಾರಿ ಹೊರಗೆ ಬರುತ್ತದೆ. ಅದು ಫ್ಲಾಪ್. ಕಡಿಮೆ ವೇಗದಲ್ಲೂ ರೆಕ್ಕೆ ಭಾರ ಎತ್ತುವುದು ಅದರಿಂದ. 1987ರ ಆಗಸ್ಟ್ 16ರಂದು ಅಮೆರಿಕದ ಡೆಟ್ರಾಯಿಟ್‌ನಲ್ಲಿ ನಾರ್ತ್‌ವೆಸ್ಟ್ ಕಂಪನಿಯ ವಿಮಾನ ಫ್ಲಾಪ್ ಬಿಡದೆ ಹೊರಟಿತು. ಗಾಳಿ ತಿರುಗಿದ್ದರಿಂದ ರನ್‌ವೇ ಬದಲಾಗಿತ್ತು, ಹೊಸ ಲೆಕ್ಕ ನೋಡಬೇಕಾಗಿತ್ತು, ಅದರ ನಡುವೆ ಹೋಗಬೇಕಾದ ತಿರುವೂ ತಪ್ಪಿತು. ಈ ಗಡಿಬಿಡಿಯಲ್ಲಿ ಒಂದು ಚೆಕ್‌ಲಿಸ್ಟ್ ಓದುವುದೇ ಬಿಟ್ಟುಹೋಯಿತು. ಫ್ಲಾಪ್ ಇಲ್ಲದೆ ಹೊರಟರೆ ಕೂಗಬೇಕಿದ್ದ ಎಚ್ಚರಿಕೆಗೆ ಆ ದಿನ ಕರೆಂಟೇ ಸಿಗುತ್ತಿರಲಿಲ್ಲ. ಒಳಗಿದ್ದವರಲ್ಲಿ ಬದುಕಿದ್ದು 4 ವರ್ಷದ ಒಂದು ಹುಡುಗಿ.

2008ರ ಆಗಸ್ಟ್ 20ರಂದು ಮ್ಯಾಡ್ರಿಡ್‌ನಲ್ಲಿ ಮತ್ತೆ ಅದೇ. ಸ್ಪಾನೇರ್ ವಿಮಾನ ಒಮ್ಮೆ ಹೊರಟು, ಹೊರಗಿನ ಉಷ್ಣಾಂಶ ನೋಡುವ ಕಡ್ಡಿ ನೆಲದಲ್ಲೇ ಬಿಸಿಯಾಗುತ್ತಿದೆ ಅಂತ ವಾಪಸ್ ಬಂತು. ರಿಪೇರಿ, ತಡ, ಬಿಸಿಲು. ಎರಡನೇ ಸಲ ಹೊರಟಾಗ ಫ್ಲಾಪ್ ಬಿಟ್ಟಿರಲಿಲ್ಲ. ಚೆಕ್‌ಲಿಸ್ಟ್‌ನ ಕೊನೆಯ ಸಾಲುಗಳನ್ನು ಬಾಯಿಪಾಠದ ಹಾಗೆ ಹೇಳಿ ಮುಗಿಸಿದ್ದರು, ಎಚ್ಚರಿಕೆ ಅಲ್ಲೂ ಕೂಗಲಿಲ್ಲ. 154 ಜನ ಹೋದರು.

ಕಾಕ್‌ಪಿಟ್‌ನಲ್ಲಿ ಅರ್ಧ ಚೆಕ್‌ಲಿಸ್ಟ್ ಆಗಿರುವಾಗಲೇ ಎಂಜಿನಿಯರ್ ಸಹಿಗೆ ಕಾಗದ ಹಿಡಿದು ಬರುತ್ತಾನೆ, ಹಿಂದಿನಿಂದ ಒಬ್ಬ ಪ್ರಯಾಣಿಕ ಇಳಿಯುತ್ತಾನಂತೆ ಅಂತ ಫೋನ್ ಬರುತ್ತದೆ, ರೇಡಿಯೊದಲ್ಲಿ ಇನ್ನೇನೋ ಹೇಳುತ್ತಾರೆ. ಎಲ್ಲ ಮುಗಿಸಿ ವಾಪಸ್ ಬಂದಾಗ 'ಇಲ್ಲಿವರೆಗೆ ಆಗಿದೆ' ಅಂತ ತಲೆ ಧೈರ್ಯವಾಗಿ ಸುಳ್ಳು ಹೇಳುತ್ತದೆ. ನಡುವೆ ತುಂಡಾದರೆ ಚೆಕ್‌ಲಿಸ್ಟನ್ನು ಮೊದಲಿನಿಂದ ಓದಬೇಕು. ತಡವಾದರೆ ಆಗಲಿ. ನನ್ನ ಜೊತೆ ಹಾರಿದ ಕಿರಿಯರಿಗೆ ನಾನು ಕಿರಿಕಿರಿ ಮಾಡಿದ್ದು ಇದೊಂದರಲ್ಲೇ.

ಪ್ರಶ್ನೆ (ಕುಮಟಾ): ಈಗ ಎಲ್ಲ ಕಂಪ್ಯೂಟರ್ ಅಲ್ವಾ? ಅದೇ ಹೇಳುವುದಿಲ್ವಾ ತಪ್ಪಿದ್ದರೆ?

ಉತ್ತರ: ನೀವು ಒತ್ತಿದ ಅಂಕಿಯನ್ನು ಅದು ನಂಬುತ್ತದೆ. 2009ರ ಮಾರ್ಚ್ 20ರಂದು ಮೆಲ್ಬರ್ನ್‌ನಿಂದ ದುಬೈಗೆ ಹೊರಟ ಎಮಿರೇಟ್ಸ್ ಏರ್‌ಬಸ್‌ನ ತೂಕ 362.9 ಟನ್, ಲೆಕ್ಕಕ್ಕೆ ಹಾಕಿದ್ದು 262.9. ಸೊಸೈಟಿಯಲ್ಲಿ ಅಡಿಕೆ ಚೀಟಿಗೆ ಮೊದಲ ಅಂಕಿ ತಪ್ಪು ಬಿದ್ದ ಹಾಗೆ, ಆದರೆ ಇಲ್ಲಿ ಹೋಗುವುದು ದುಡ್ಡಲ್ಲ. ನೂರು ಟನ್ ಕಡಿಮೆ ಅಂದುಕೊಂಡ ಕಂಪ್ಯೂಟರ್ ಕಡಿಮೆ ವೇಗ, ಕಡಿಮೆ ಜೋರು ಸಾಕು ಅಂತ ಹೇಳಿತು. ಮೂತಿ ಎತ್ತಿದರೆ ವಿಮಾನ ಏಳುತ್ತಿಲ್ಲ. ಬಾಲ ನೆಲಕ್ಕೆ ಉಜ್ಜಿತು, ರನ್‌ವೇ ಮುಗಿದ ಮೇಲೆ ಇದ್ದ ಆಂಟೆನಾಕ್ಕೂ ತಾಗಿತು. ಕೊನೇ ಗಳಿಗೆಯಲ್ಲಿ ಪೂರ್ತಿ ಜೋರು ಕೊಟ್ಟು ಎದ್ದರು, ಇಂಧನ ಚೆಲ್ಲಿ ಸುರಕ್ಷಿತವಾಗಿ ವಾಪಸ್ ಇಳಿದರು. ಕಾಕ್‌ಪಿಟ್‌ನಲ್ಲಿ ನಾಲ್ಕು ಪೈಲಟ್‌ಗಳಿದ್ದರು, ನೋಡಿ. ಒಬ್ಬ ಹಾಕಿದ ಅಂಕಿಯನ್ನು ಇನ್ನೊಬ್ಬ ನೋಡಿ 'ಸರಿ' ಅನ್ನುವುದು ಸುಮ್ನೆ. ಇಬ್ಬರೂ ಬೇರೆ ಬೇರೆ ಲೆಕ್ಕ ಹಾಕಿ ಆಮೇಲೆ ತಾಳೆ ನೋಡಬೇಕು.

ಪ್ರಶ್ನೆ (ಭಟ್ಕಳ): ಜೀವಕ್ಕೆ ಬಾರದ, ಆದರೆ ಆಗಾಗ ಆಗುವ ತಪ್ಪು ಯಾವುದು?

ಉತ್ತರ: ಎತ್ತರ ತಪ್ಪುವುದು. ಒಂದು ಎತ್ತರದಲ್ಲಿ ನಿಲ್ಲಿ ಅಂದರೆ ಮೀರಿ ಹೋಗುವುದು, ಇಲ್ಲಾ ಬೇರೆ ವಿಮಾನಕ್ಕೆ ಹೇಳಿದ್ದನ್ನು ತಮಗೆ ಅಂದುಕೊಳ್ಳುವುದು. ಎತ್ತರ ತೋರಿಸುವ ಮೀಟರ್ ಗಾಳಿಯ ಒತ್ತಡದ ಮೇಲೆ ನಡೆಯುತ್ತದೆ. ಕೆಳಗೆ ಊರಿನ ಒತ್ತಡ ಇಟ್ಟುಕೊಂಡು, ಮೇಲೆ ಹೋಗುವಾಗ ಎಲ್ಲರೂ ಒಂದೇ ಅಳತೆಗೆ, 1013 ಹೆಕ್ಟೊಪಾಸ್ಕಲ್‌ಗೆ, ತಿರುಗಿಸಬೇಕು. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಒತ್ತಡ 1003ರ ಆಸುಪಾಸು ಇಳಿಯುವುದುಂಟು. ತಿರುಗಿಸಲು ಮರೆತರೆ ಸುಮಾರು 300 ಅಡಿ ವ್ಯತ್ಯಾಸ. ಮೇಲೆ ಕೆಳಗೆ ಹೋಗುವ ಎರಡು ವಿಮಾನಗಳ ನಡುವೆ ಬಿಡುವ ಜಾಗವೇ 1000 ಅಡಿ. ಅದಕ್ಕೇ ಹೊಸ ಎತ್ತರ ಹೇಳಿದಾಗ ಒಬ್ಬ ಅಂಕಿ ಇಡುತ್ತಾನೆ, ಇಬ್ಬರೂ ಅದಕ್ಕೆ ಬೆರಳು ತೋರಿಸಿ ಬಾಯಿಬಿಟ್ಟು ಹೇಳುತ್ತಾರೆ. ಹೊರಗಿನವರಿಗೆ ಮಕ್ಕಳಾಟ ಅನಿಸಬಹುದು.

ಪ್ರಶ್ನೆ (ಸಿದ್ದಾಪುರ): ಅಣ್ಣಾ, ಮುಂಬೈಯಲ್ಲಿ ಪ್ರಯಾಣಿಕರ ಕಿವಿ ಮೂಗಿನಿಂದ ರಕ್ತ ಬಂದಿತ್ತಲ್ಲ?

ಉತ್ತರ: 2018ರ ಸೆಪ್ಟೆಂಬರ್, ಜೆಟ್ ಏರ್‌ವೇಸ್, ಮುಂಬೈಯಿಂದ ಜೈಪುರಕ್ಕೆ. ಎಂಜಿನ್‌ನಿಂದ ಗಾಳಿ ತೆಗೆದು ಕ್ಯಾಬಿನ್‌ಗೆ ಒತ್ತಡ ಕೊಡುವ ಸ್ವಿಚ್ ಹಾಕಿರಲಿಲ್ಲ. ಮಾಸ್ಕ್ ಬಿದ್ದವು, ವಾಪಸ್ ಬಂದರು. ಅವರಿಗೆ ಅದೃಷ್ಟ ಇತ್ತು. 2005ರ ಆಗಸ್ಟ್ 14ರ ಹೀಲಿಯೋಸ್ ವಿಮಾನಕ್ಕೆ ಇರಲಿಲ್ಲ. ಸೈಪ್ರಸ್‌ನಿಂದ ಹೊರಡುವ ಮೊದಲು ಒತ್ತಡದ ಪರೀಕ್ಷೆ ಮಾಡಿದವರು ಸ್ವಿಚ್ಚನ್ನು ಮ್ಯಾನುವಲ್‌ನಲ್ಲೇ, ಅಂದರೆ ಒತ್ತಡ ತಾನಾಗಿ ಹೊಂದಿಕೊಳ್ಳದ ಸ್ಥಾನದಲ್ಲೇ, ಬಿಟ್ಟಿದ್ದರು, ಪೈಲಟ್‌ಗಳೂ ಗಮನಿಸಲಿಲ್ಲ. ಏರುವಾಗ ಹಾರ್ನ್ ಕೂಗಿತು. ಆ ಬೋಯಿಂಗ್‌ನಲ್ಲಿ ಫ್ಲಾಪ್ ತಪ್ಪಿದ್ದಕ್ಕೂ ಒತ್ತಡ ಹೋದದ್ದಕ್ಕೂ ಒಂದೇ ಹಾರ್ನ್. ಫ್ಲಾಪ್ ಹಾರ್ನ್ ನೆಲದ ಮೇಲೆ ಮಾತ್ರ ಕೂಗುತ್ತದೆ ಅಂತ ಆ ಹೊತ್ತಿಗೆ ಹೊಳೆಯಲಿಲ್ಲ. ಆಮ್ಲಜನಕ ಕಡಿಮೆಯಾದರೆ ಮೊದಲು ಹೋಗುವುದೇ ವಿವೇಚನೆ, ಹೋಗಿದ್ದು ಗೊತ್ತೂ ಆಗುವುದಿಲ್ಲ. ಆಟೋಪೈಲಟ್ ತನ್ನ ಪಾಡಿಗೆ 34,000 ಅಡಿಗೆ ಒಯ್ದು, ಇಂಧನ ಮುಗಿಯುವವರೆಗೆ ಹಾರಿಸಿತು. ಅಥೆನ್ಸ್ ಹತ್ತಿರ ಬಿತ್ತು. 121 ಜನ. ಮಾಸ್ಕ್ ಬಿದ್ದರೆ ಮೊದಲು ನಿಮಗೆ ಹಾಕಿಕೊಳ್ಳಿ, ಮಗುವಿಗೆ ಆಮೇಲೆ, ಅಂತ ಹೇಳುವುದು ಇದಕ್ಕೇ.

ಪ್ರಶ್ನೆ (ಅಂಕೋಲಾ): ನಾವು ಮೀನುಗಾರರು. ರಾತ್ರಿ ಸಮುದ್ರದ ಮೇಲೆ ಏನೂ ಕಾಣುವುದಿಲ್ಲ, ಪೈಲಟ್‌ಗೆ ಹೇಗೆ ಗೊತ್ತಾಗುತ್ತದೆ?

ಉತ್ತರ: ನೋಡಿ ಗೊತ್ತಾಗುವುದಿಲ್ಲ, ಮೀಟರ್ ನಂಬಬೇಕು. ಅಮಾವಾಸ್ಯೆ ರಾತ್ರಿ ಆಕಾಶ ಎಲ್ಲಿ, ನೀರೆಲ್ಲಿ ಅಂತ ನಿಮಗೇ ಗೊತ್ತಾಗುವುದಿಲ್ಲ ಅಲ್ವಾ. 1978ರ ಜನವರಿ 1ರ ರಾತ್ರಿ ಮುಂಬೈಯಿಂದ ದುಬೈಗೆ ಹೊರಟ ಏರ್ ಇಂಡಿಯಾದ 747, ಹೆಸರು ಎಂಪರರ್ ಅಶೋಕ, ಏರಿ ಎರಡು ನಿಮಿಷದೊಳಗೆ ಅರಬ್ಬಿ ಸಮುದ್ರಕ್ಕೆ ಬಿತ್ತು. ವಿಮಾನ ಎಷ್ಟು ವಾಲಿದೆ ಅಂತ ತೋರಿಸುವ ಕ್ಯಾಪ್ಟನ್ ಎದುರಿನ ಮೀಟರ್ ಬಲಕ್ಕೆ ವಾಲಿದ ಹಾಗೆ ನಿಂತುಬಿಟ್ಟಿತ್ತು. ಅವರು ಅದನ್ನು ನಂಬಿ ಎಡಕ್ಕೆ ತಿರುಗಿಸುತ್ತ ಹೋದರು. ತಾಳೆ ನೋಡಲು ಬೇರೆ ಮೀಟರ್‌ಗಳಿದ್ದವು, ಹೊತ್ತು ಸಾಲಲಿಲ್ಲ. 213 ಜನ.

ಪ್ರಶ್ನೆ (ಕಾರವಾರ): ಅಹಮದಾಬಾದ್‌ನಲ್ಲಿ ಬಿದ್ದ ಏರ್ ಇಂಡಿಯಾ ವಿಮಾನದ ಬಗ್ಗೆ ಏನು ಹೇಳ್ತೀರಿ?

ಉತ್ತರ: 2025ರ ಜುಲೈನಲ್ಲಿ ಬಂದ ಪ್ರಾಥಮಿಕ ವರದಿ ಇಂಧನದ ಸ್ವಿಚ್‌ಗಳು ಒಂದರ ಹಿಂದೆ ಒಂದು ಬಂದ್ ಸ್ಥಾನಕ್ಕೆ ಹೋದವು ಅಂತ ಹೇಳಿದೆ. ಯಾಕೆ ಅಂತ ಅದರಲ್ಲಿ ಹೇಳಿಲ್ಲ. ಸತ್ತವರ ಮೇಲೆ ವಾಟ್ಸಾಪ್ ತೀರ್ಪು ನನ್ನಿಂದ ಬೇಡ.

ಪ್ರಶ್ನೆ (ಹೊನ್ನಾವರ): ನಮ್ಮಂಥ ಪ್ರಯಾಣಿಕರು ಮಾಡುವುದೇನಾದರೂ ಉಂಟಾ ಸರ್?

ಉತ್ತರ: ಉಂಟು ತಂಗಿ. 10,000 ಅಡಿವರೆಗೆ ಕಾಕ್‌ಪಿಟ್‌ನಲ್ಲಿ ಕೆಲಸದ ಮಾತು ಬಿಟ್ಟು ಬೇರೆ ಮಾತು ಆಡುವಂತಿಲ್ಲ, ಆಗ ಚಹಾ ಬೇಕು ಅಂತ ಬೆಲ್ ಒತ್ತಬೇಡಿ. ಆದರೆ ಹೊರಡುವ ಮೊದಲೇ ರೆಕ್ಕೆಯಿಂದ ಏನೋ ಸೋರುತ್ತಿದೆ, ತಗಡು ನೇತಾಡುತ್ತಿದೆ ಅಂತ ಕಂಡರೆ ಸಂಕೋಚ ಬಿಟ್ಟು ಕ್ಯಾಬಿನ್‌ನವರಿಗೆ ಹೇಳಿ. 1989ರ ಮಾರ್ಚ್‌ನಲ್ಲಿ ಕೆನಡಾದ ಡ್ರೈಡನ್‌ನಲ್ಲಿ ರೆಕ್ಕೆ ಮೇಲೆ ಹಿಮ ಕೂತಿದ್ದನ್ನು ಪ್ರಯಾಣಿಕರು ನೋಡಿದ್ದರು, ಅವರಲ್ಲಿ ರಜೆಯ ಮೇಲಿದ್ದ ಪೈಲಟ್‌ಗಳೂ ಇದ್ದರು. ಮಾತು ಮುಂದಿನವರೆಗೆ ಮುಟ್ಟಲಿಲ್ಲ. ವಿಮಾನ ಎದ್ದು ಕಾಡಿಗೆ ಬಿತ್ತು, 24 ಜನ ಸತ್ತರು.

ಪ್ರಶ್ನೆ (ಹೊನ್ನಾವರ): ರೆಕ್ಕೆ ತುದಿ ಅಲ್ಲಾಡಿದರೂ ಹೇಳಬೇಕಾ?

ಉತ್ತರ: ಬೇಡ. ಅದು ಅಲ್ಲಾಡಲೇಬೇಕು.